ಬ್ಲೂಪ್ ಟ್ಯೂಬ್ ಬಿಚ್ಚಿಯೇ ತೊಳೆಯಿರಿ

.22 ರೈಫಲ್‌ನ ಬ್ಲೂಪ್ ಟ್ಯೂಬ್ (ಬ್ಯಾರೆಲ್ ತುದಿಗೆ ಸಿಕ್ಕಿಸುವ ಕೊಳವೆ) ಒಳಗೆ ಮಸಿ ಕಟ್ಟಿದೆ, ಬಿಚ್ಚದೆ ರಾಡ್ ಹಾಕಿ ಉಜ್ಜಬಹುದಾ ಅಂತ ಕೇಳಿದ್ದೀರಿ. ಬೇಡ. ಟ್ಯೂಬ್‌ನ ಒಳವ್ಯಾಸ ಬ್ಯಾರೆಲ್‌ಗಿಂತ ದೊಡ್ಡದು. ಹೊರಬಂದ ರಾಡ್ ತುದಿ ಅಲ್ಲಿ ಜೋತುಬಿದ್ದು, ವಾಪಸ್ ಎಳೆಯುವಾಗ ಕ್ರೌನ್, ಅಂದರೆ ಗುಂಡು ಹೊರಬರುವ ಬ್ಯಾರೆಲ್ ಬಾಯಿಯ ಅಂಚನ್ನೇ ಉಜ್ಜುತ್ತದೆ. ಟ್ಯೂಬ್ ಗೋಡೆಗೆ ಗುಂಡು ತಾಗುವುದೇ ಇಲ್ಲ. ಆದರೆ ಕ್ರೌನ್ ಕೆಟ್ಟರೆ ಗ್ರೂಪ್ (ಗುರಿಯಲ್ಲಿ ಗುಂಡುಗಳು ಬೀಳುವ ಗುಂಪು) ಹರಡುವುದು ಗ್ಯಾರಂಟಿ.

ಮೊದಲು ಬೋಲ್ಟ್ (ಬ್ಯಾರೆಲ್ ಹಿಂಬದಿ ಮುಚ್ಚುವ ಭಾಗ) ತೆಗೆದು ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ. ಟ್ಯೂಬ್ ಕೂತಿರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಕ್ಲ್ಯಾಂಪ್ ಸ್ಕ್ರೂ ಸಡಿಲಿಸಿ ಎಳೆಯಿರಿ. ಒಳಗಿರುವುದು ಸೀಸ ಮತ್ತು ಗುಂಡಿನ ಮೇಣ. ಸಾಲ್ವೆಂಟ್ ಹಚ್ಚಿದ ಬಟ್ಟೆ ತುಂಬಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಟ್ಯೂಬ್ ಅಲ್ಯೂಮಿನಿಯಂ ಆದರೆ ಅಮೋನಿಯಾ ಇರುವ ಸಾಲ್ವೆಂಟ್ ಬೇಡ, ಉಕ್ಕಿನ ಬ್ರಷ್ ಅಂತೂ ಬೇಡವೇ ಬೇಡ. ಕೈಗೆ ಗ್ಲೌಸ್ ಇರಲಿ. ಆ ಬಟ್ಟೆ ಅಡುಗೆಮನೆ ಕಡೆ ಹೋಗಬಾರದು.

ಬ್ಯಾರೆಲ್ಲನ್ನು ಬೋರ್ ಗೈಡ್ (ರಾಡನ್ನು ನೇರ ಹಿಡಿಯುವ ಕೊಳವೆ) ಹಾಕಿ ಬ್ರೀಚ್ ಕಡೆಯಿಂದಲೇ, ಅಂದರೆ ಹಿಂಬದಿಯಿಂದಲೇ ಒರೆಸಿ. ಪ್ಯಾಚ್ (ಒರೆಸುವ ಬಟ್ಟೆ ತುಂಡು) ಮಜಲ್‌ನಲ್ಲಿ (ಬ್ಯಾರೆಲ್‌ನ ಮುಂದಿನ ಬಾಯಿ) ಹೊರಬಂದ ಮೇಲೆ ಕಳಚಿ, ಆಮೇಲೆ ರಾಡ್ ಎಳೆಯಿರಿ. ಕೊನೆಗೆ ಒಣ ಪ್ಯಾಚ್. ಎಣ್ಣೆ ಉಳಿದರೆ ಮೊದಲ ಹೊಡೆತಗಳು ಅಡ್ಡಾದಿಡ್ಡಿ.

ಮರುಜೋಡಿಸುವಾಗ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ, ಸಮನಾಗಿ, ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಫೋರ್‌ಸೈಟ್ (ಗುರಿ ನೋಡುವ ಮುಂದಿನ ಸೈಟ್) ಟ್ಯೂಬ್ ಮೇಲೇ ಇದ್ದರೆ ಕೂದಲೆಳೆಯಷ್ಟು ತಿರುಗಿದರೂ ಝೀರೋ (ಸೈಟ್ ಹೊಂದಿಸಿಟ್ಟ ಗುರಿ) ಬದಲಾಗುತ್ತದೆ. ಹತ್ತು ಗುಂಡು ಹೊಡೆದು ನೋಡಿದ ಮೇಲೆಯೇ ಸೈಟ್ ಹೊಂದಿಸುವ ಕ್ಲಿಕ್ ಮುಟ್ಟಿ.