ಫೋರ್ಡ್ ಎಫ್-150 ಮುಂಭಾಗ 2 ಇಂಚು ಎತ್ತರಿಸಿ 33 ಇಂಚಿನ ಟೈರ್ ಹಾಕಬಹುದಾ?

ಹಾಕಬಹುದು. ಅಮೆರಿಕದಲ್ಲಿ ಈ ಪಿಕಪ್ ಟ್ರಕ್ ಇರೋ ಎಷ್ಟೋ ಜನ ಮಾಡಿಸುವ ಕೆಲಸ ಇದು. ಆದರೆ ಗಾಡಿಯ ಮೂತಿ ಹಿಂಭಾಗಕ್ಕಿಂತ ತಗ್ಗಾಗಿರೋದು ಕಂಪನಿಯ ತಪ್ಪಲ್ಲ. ಹಿಂದೆ ಭಾರ ಹೇರಿದಾಗ ಬಾಲ ಕುಸಿಯುತ್ತದೆ, ಆಗ ಗಾಡಿ ಸಮ ನಿಲ್ಲಲಿ ಅಂತ ಹಾಗೆ ಮಾಡಿರುತ್ತಾರೆ. ನೀವು ದಿನಾ ಟ್ರೇಲರ್ ಎಳೆಯುವವರಾದರೆ ಇದು ಬೇಡ ಅನ್ನೋದೇ ನನ್ನ ಮಾತು.

ಮುಂಭಾಗ ಎತ್ತರಿಸೋಕೆ ಹಾಕುವ ಲೆವೆಲಿಂಗ್ ಕಿಟ್‌ನಲ್ಲಿ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಭಾಗ) ತಲೆಯ ಮೇಲೆ ಕೂರುವ ಸ್ಪೇಸರ್ ಬಿಲ್ಲೆ ಇರುತ್ತದೆ. ಅದು 1 ಇಂಚು ದಪ್ಪ ಇದ್ದರೆ ಸಾಕು, ಗಾಡಿ ಸುಮಾರು 2 ಇಂಚು ಏಳುತ್ತದೆ. ಸ್ಟ್ರಟ್ ಕೂರುವುದು ಚಕ್ರದ ಹತ್ತಿರ ಅಲ್ಲ, ಚಕ್ರವನ್ನು ಹಿಡಿದಿರುವ ತೋಳಿನ ನಡುವೆ, ಅದಕ್ಕೆ. 2 ಇಂಚಿಗಿಂತ ಜಾಸ್ತಿ ಆಸೆ ಬೇಡ; ಚಕ್ರದ ಕಡೆಯ ಕೀಲುಗಳಾದ ಬಾಲ್ ಜಾಯಿಂಟ್, ಆಕ್ಸಲ್ ಜಾಯಿಂಟ್‌ಗಳು ಬೇಗ ಸವೆಯುತ್ತವೆ.

ಇನ್ನು ಟೈರ್. 275/65ಆರ್18 ಅಳತೆಯದನ್ನು ತೆಗೆದು 275/70ಆರ್18 ಹಾಕಿದರೆ ಟೈರಿನ ಎತ್ತರ 32.1ರಿಂದ 33.2 ಇಂಚು ಆಗುತ್ತದೆ. ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ನಿಜವಾಗಿ 62ರಲ್ಲಿ ಇರುತ್ತೀರಿ. ಅದನ್ನು ಸರಿಮಾಡಿಸಿ. ಮೈಲೇಜೂ ಸ್ವಲ್ಪ ಬೀಳುತ್ತದೆ.

ಹಾಕಿದ ದಿನವೇ ಸ್ಟಿಯರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ರಿವರ್ಸ್‌ನಲ್ಲೂ ನೋಡಿ. ಫೆಂಡರ್ (ಚಕ್ರದ ಮೇಲಿನ ಕವಚ) ಒಳಗಿನ ಕಪ್ಪು ಪ್ಲಾಸ್ಟಿಕ್ ಮೇಲೆ ಹೊಳೆಯುವ ಗೀರು ಕಂಡರೆ ಟೈರ್ ಉಜ್ಜುತ್ತಿದೆ ಅಂತಲೇ ಅರ್ಥ.

ವೀಲ್ ಅಲೈನ್‌ಮೆಂಟ್ ಮಾತ್ರ ಖಂಡಿತ ಬಿಡಬೇಡಿ, ಬಿಟ್ಟರೆ ಹೊಸ ಟೈರಿನ ಅಂಚು ಕೆಲವೇ ತಿಂಗಳಲ್ಲಿ ಸವೆದುಹೋಗಬಹುದು. ಹೆಡ್‌ಲೈಟಿನ ಬೆಳಕನ್ನೂ ಕೆಳಗಿಳಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ ಅಲ್ವಾ?