ಸೀಸ ಸೇರಿದ ಹೊಲವನ್ನು ಕಾಡುಗಿಡ ಶುದ್ಧ ಮಾಡುತ್ತಾ?

ಪ್ರಶ್ನೆ: ನಮ್ಮ ಒಂದು ಎಕರೆ ಹೊಲದ ಪಕ್ಕ ಮೊದಲು ಹಳೆ ಬ್ಯಾಟರಿ ಒಡೆಯುವ ಶೆಡ್ ಇತ್ತು. ಈಗ ಮುಚ್ಚಿದೆ. ಮಣ್ಣು ಪರೀಕ್ಷೆ ಮಾಡಿಸಿದರೆ ಕಿಲೋಗೆ 600 ಮಿಲಿಗ್ರಾಂ ಸೀಸ ಬಂದಿದೆ. ಕೆಲವು ಕಾಡುಗಿಡಗಳು ವಿಷ ಹೀರಿಕೊಳ್ಳುತ್ತವಂತೆ. ಯಾವುದನ್ನು ಬೆಳೆಸಲಿ? ಕೊಯ್ದು ದನಕ್ಕೆ ಹಾಕಬಹುದಾ?

ಉತ್ತರ: ದನದ ಮಾತು ಮೊದಲು. ದಯವಿಟ್ಟು ಹಾಕಬೇಡಿ, ಆ ಹೊಲದಲ್ಲಿ ಮೇಯಲೂ ಬಿಡಬೇಡಿ. ಮೇಯುವಾಗ ಹುಲ್ಲಿನ ಜೊತೆ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಸೀಸ ಹಾಲಿಗೂ ಬರುತ್ತದೆ.

ನೀವು ಕೇಳಿದ್ದು ಸುಳ್ಳಲ್ಲ. ಹಳೆ ಗೋಡೆಗಳ ಬಿರುಕಿನಲ್ಲಿ ಬೆಳೆಯುವ ಒಂದು ಜರೀಗಿಡ ಇದೆ, ಟೆರಿಸ್ ವಿಟ್ಟಾಟ ಅಂತ. ಅಮೆರಿಕದ ಫ್ಲಾರಿಡಾದಲ್ಲಿ, ಮರಕ್ಕೆ ಹುಳು ಹಿಡಿಯದಂತೆ ಆರ್ಸೆನಿಕ್ ಎಂಬ ವಿಷವಿರುವ ಔಷಧಿ ಹಾಕುತ್ತಿದ್ದ ಜಾಗದಲ್ಲಿ ಇದು ಚೆನ್ನಾಗಿ ಬೆಳೆದಿತ್ತು. ಒಂದು ಕಿಲೋ ಒಣ ಎಲೆಯಲ್ಲಿ 3,000 ಮಿಲಿಗ್ರಾಂಗಿಂತ ಜಾಸ್ತಿ ಆರ್ಸೆನಿಕ್ ಸಿಕ್ಕಿತು. 2001ರಲ್ಲಿ ಈ ವಿಷಯ ಹೊರಬಂದಾಗ ನಮಗೆಲ್ಲ ದೊಡ್ಡ ಆಸೆ ಹುಟ್ಟಿತ್ತು.

ಆದರೆ ಸೀಸದ ಸ್ವಭಾವವೇ ಬೇರೆ. ಅದು ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇರಿಗೆ ಸೇರಿದರೂ ಎಲೆಗೆ ಏರುವುದು ಸ್ವಲ್ಪವೇ. ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್. ಅದರಲ್ಲಿ ನಿಮ್ಮ ಸೀಸ 540 ಕಿಲೋ. ವರ್ಷಕ್ಕೆ 4 ಟನ್ ಒಣ ಸೊಪ್ಪು ಕೊಯ್ದಿರಿ, ಕಿಲೋಗೆ 100 ಮಿಲಿಗ್ರಾಂ ಸೀಸ ಬಂತು ಅಂದುಕೊಳ್ಳೋಣ. ಹೊರಹೋಗುವುದು 400 ಗ್ರಾಂ! ಅರ್ಧ ಸೀಸ ತೆಗೆಯಲು 600 ವರ್ಷಕ್ಕೂ ಜಾಸ್ತಿ ಬೇಕು.

ಇಡಿಟಿಎ ಎಂಬ ರಾಸಾಯನಿಕ ಹಾಕಿ ಸಾಸಿವೆ ಬೆಳೆಸಿದರೆ ಸೀಸ ಗಿಡಕ್ಕೆ ಏರುತ್ತದೆ, ನಿಜ. ಅದೇ ಹೊತ್ತಿಗೆ ಅಂತರ್ಜಲಕ್ಕೂ ಇಳಿಯುತ್ತದೆ. ಹತ್ತಿರ ಬಾವಿ, ಬೋರ್‌ವೆಲ್ ಇರುವಲ್ಲಿ ಈ ಕೆಲಸ ಬೇಡವೇ ಬೇಡ.

ಹಾಗಾಗಿ ಸೀಸವನ್ನು ತೆಗೆಯುವ ಬದಲು ಇದ್ದಲ್ಲೇ ಕಟ್ಟಿಹಾಕಿ. ಇದಕ್ಕೆ ನಾನು ನೆಚ್ಚುವುದು ಲಾವಂಚವನ್ನು. ಇಳಿಜಾರಿಗೆ ಅಡ್ಡಲಾಗಿ ಒತ್ತಾಗಿ ಸಾಲು ನೆಡಿ. ಬೇರು ಎರಡು ಮೂರು ಮೀಟರ್ ಆಳಕ್ಕೆ ಹೋಗುತ್ತದೆ. ಹೀರಿದ ಸೀಸ ಬಹುಪಾಲು ಬೇರಲ್ಲೇ ಉಳಿಯುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ. ಸಾಲುಗಳ ನಡುವೆ ಹುಲ್ಲು ಬೆಳೆಯಲು ಬಿಡಿ, ದೂಳು ಏಳಬಾರದು. ಕೊಟ್ಟಿಗೆ ಗೊಬ್ಬರ ಹಾಕಿ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಸೇರಿಸಿ, ಸೀಸ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ಸೊಪ್ಪು, ಮೂಲಂಗಿ ಬೆಳೆಯಬೇಡಿ.

ಲಾವಂಚದ ಬೇರನ್ನು ಕುಡಿಯುವ ನೀರಿನ ಮಡಕೆಗೆ ಹಾಕುವ ರೂಢಿ ಇದೆ, ಅಲ್ವಾ? ಈ ಹೊಲದ ಬೇರನ್ನು ಕೀಳಲೂ ಬೇಡಿ, ಯಾರಿಗೂ ಕೊಡಲೂ ಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗಿಡ ನೆಡುವ ಮೊದಲೇ ಅವರ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ.