ಅಬ್ಖಾಜಿಯಾ ಜಾರ್ಜಿಯಾದ್ದೋ, ಪ್ರತ್ಯೇಕ ದೇಶವೋ?

ತೀರ್ಥಹಳ್ಳಿಯಿಂದ ಮಗಳನ್ನು ವೈದ್ಯಕೀಯ ಓದಲು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಕಳುಹಿಸುವ ಮುನ್ನ ನೀವು ಇದನ್ನು ಕೇಳಿದ್ದು ಒಳ್ಳೆಯದಾಯಿತು. ಕಪ್ಪು ಸಮುದ್ರದ ದಡದ ಅಬ್ಖಾಜಿಯಾ ಪ್ರದೇಶ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಜಾರ್ಜಿಯಾದ್ದೇ. ಭಾರತವೂ ಅದನ್ನು ದೇಶವೆಂದು ಒಪ್ಪಿಲ್ಲ. ಆದರೆ ಜಾರ್ಜಿಯಾದ ಆಡಳಿತ ಅಲ್ಲಿ ನಡೆಯುವುದಿಲ್ಲ. ನಮ್ಮ ಬಗರ್‌ಹುಕುಂ ಜಮೀನಿನ ಹಾಗೆ, ಪಹಣಿಯಲ್ಲಿ ಒಬ್ಬರ ಹೆಸರು, ಅನುಭವದಲ್ಲಿ ಇನ್ನೊಬ್ಬರು.

2008ರ ಆಗಸ್ಟ್‌ನಲ್ಲಿ ರಷ್ಯಾ–ಜಾರ್ಜಿಯಾ ನಡುವೆ ನಡೆದ ಯುದ್ಧದ ಬೆನ್ನಿಗೇ ರಷ್ಯಾ, ಅಬ್ಖಾಜಿಯಾಕ್ಕೂ ಜಾರ್ಜಿಯಾದಿಂದ ಬೇರ್ಪಟ್ಟ ಇನ್ನೊಂದು ಪ್ರದೇಶವಾದ ದಕ್ಷಿಣ ಒಸೆಟಿಯಾಕ್ಕೂ ದೇಶಗಳೆಂದು ಮಾನ್ಯತೆ ಕೊಟ್ಟಿತು. ಅಬ್ಖಾಜಿಯಾದ ಗುಡೌಟಾ ಪಟ್ಟಣದಲ್ಲಿ ರಷ್ಯಾದ ಸೇನಾನೆಲೆಯೇ ಇದೆ. ಆ ಸೇನೆಯ ಬಲದಿಂದಲೇ ಅಬ್ಖಾಜಿಯಾದ ಸರ್ಕಾರ ಉಳಿದಿದೆ. ಬೆರಳೆಣಿಕೆಯ ದೇಶಗಳ ಹೊರತು ಯಾರೂ ಅದನ್ನು ಮಾನ್ಯ ಮಾಡಿಲ್ಲ. 1992–93ರಲ್ಲಿ ಅಬ್ಖಾಜ್ ಪ್ರತ್ಯೇಕತಾವಾದಿಗಳಿಗೂ ಜಾರ್ಜಿಯಾಕ್ಕೂ ನಡೆದ ಯುದ್ಧದಲ್ಲಿ ಅಲ್ಲಿಂದ ಓಡಿಬಂದ ಎರಡು ಲಕ್ಷದಷ್ಟು ಜಾರ್ಜಿಯನ್ನರಲ್ಲಿ ಬಹುಪಾಲು ಜನ ಇನ್ನೂ ಮನೆಗೆ ಮರಳಿಲ್ಲ. ನನ್ನನ್ನು ಕಾಡುವುದು ಅದೇ.

ಮಗಳಿಗೆ ಖಂಡಿತ ಹೇಳಿ: ರಷ್ಯಾ ಕಡೆಯಿಂದ ಅಬ್ಖಾಜಿಯಾ ಪ್ರವೇಶಿಸುವುದು ಜಾರ್ಜಿಯಾದ ಕಾನೂನಿನಲ್ಲಿ ಅಪರಾಧ.